ಎದುರಿಗೇ ಚರ್ಚು, ನಡುವೆ ಹಳ್ಳ: ರಾಮ್ನಿ ಮಾರ್ಷ್‌ನಲ್ಲಿ ನಡೆದು ನೋಡುವುದು ಹೇಗೆ?

ಚರ್ಚು ಅಲ್ಲೇ ಇದೆ, ಇನ್ನೂರು ಹೆಜ್ಜೆ ಆಚೆ. ಬಾಗಿಲು ಕೂಡ ಕಾಣುತ್ತದೆ. ಆದರೆ ಕಾಲಬುಡದಲ್ಲಿ ಹಳ್ಳ. ಎಡಕ್ಕೆ ನೋಡಿದರೂ ಬಲಕ್ಕೆ ನೋಡಿದರೂ ದಾಟುವ ಜಾಗವಿಲ್ಲ. ಬೇಸಿಗೆಯಲ್ಲಿ ಮಕ್ಕಳ ಮನೆಗೆಂದು ಇಂಗ್ಲೆಂಡಿಗೆ ಬಂದ ನಮ್ಮ ಬಂಧುಗಳು ಹೀಗೆ ಹಳ್ಳದ ದಂಡೆಯಲ್ಲಿ ನಿಂತು, ದೂರದಿಂದಲೇ ಒಂದು ಫೋಟೊ ತೆಗೆದುಕೊಂಡು ವಾಪಸು ಹೋದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಇನ್ನು ಕೆಲವರು ಕಾರಿನಲ್ಲಿ ಒಂದೇ ದಿನ ಹತ್ತು ಚರ್ಚು ಸುತ್ತಿ ಬರುತ್ತಾರೆ. ಸಂಜೆ ಕೇಳಿದರೆ ಯಾವುದು ಎಲ್ಲಿತ್ತು ಎಂದು ಅವರಿಗೆ ನೆನಪಿರುವುದಿಲ್ಲ. ಇವೆರಡೂ ಆಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ರಾಮ್ನಿ ಮಾರ್ಷ್ ಇರುವುದು ಇಂಗ್ಲೆಂಡಿನ ಆಗ್ನೇಯ ಮೂಲೆಯಲ್ಲಿ. ಬಹುಪಾಲು ಕೆಂಟ್ ಕೌಂಟಿಗೆ ಸೇರಿದ್ದು, ಒಂದಿಷ್ಟು ಈಸ್ಟ್ ಸಸೆಕ್ಸ್‌ಗೆ. ಸಮುದ್ರಮಟ್ಟದಲ್ಲೇ ಇರುವ ಈ ಚಪ್ಪಟೆ ನೆಲವನ್ನು ಜನ ಶತಮಾನಗಳ ಕಾಲ ಒಡ್ಡು ಕಟ್ಟಿ, ಕಾಲುವೆ ತೋಡಿ, ನೀರಿನಿಂದ ಬಿಡಿಸಿಕೊಂಡರು. ಮಧ್ಯಯುಗದ 14 ಚರ್ಚುಗಳು ಇಲ್ಲಿ ಇಂದಿಗೂ ನಿಂತಿವೆ. ಕೆಲವುದರ ಸುತ್ತ ಊರೇ ಇಲ್ಲ. ಪ್ಲೇಗು ಬಂತು, ಜೌಗಿನ ಸೊಳ್ಳೆಯಿಂದ ಮಲೇರಿಯಾ ಬಂತು, ಜನ ಕರಗಿದರು, ಕುರಿ ಹೆಚ್ಚಿದವು, ಚರ್ಚು ಉಳಿಯಿತು. ಚಳಿಜ್ವರಕ್ಕೆ ಮಲೆನಾಡಿನ ಊರುಗಳು ಬರಿದಾದ ಕತೆಯನ್ನು ಅಜ್ಜಿಯರ ಬಾಯಲ್ಲಿ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಸಲಹೆ ಖಚಿತ: ಒಂದು ದಿನಕ್ಕೆ ಎರಡೇ ಚರ್ಚು, ಅದೂ ನಡೆದು. ಮೊದಲ ಸಲ ಬರುವವರಿಗೆ ಫೇರ್‌ಫೀಲ್ಡ್ ಮತ್ತು ಬ್ರೂಕ್‌ಲ್ಯಾಂಡ್.

ಹಂತ 1: ದಿನ, ರೈಲು

ಮೇ ತಿಂಗಳು ಆರಿಸಿಕೊಳ್ಳಿ. ನೆಲ ಒಣಗಿರುತ್ತದೆ, ರಾತ್ರಿ ಎಂಟೂವರೆಯವರೆಗೂ ಬೆಳಕಿರುತ್ತದೆ. ಲಂಡನ್ನಿನ ಸೇಂಟ್ ಪ್ಯಾಂಕ್ರಸ್‌ನಿಂದ ವೇಗದ ರೈಲು ಸುಮಾರು 40 ನಿಮಿಷಕ್ಕೆ ಆ್ಯಶ್‌ಫರ್ಡ್ ಮುಟ್ಟಿಸುತ್ತದೆ. ಅಲ್ಲಿ ಹೇಸ್ಟಿಂಗ್ಸ್ ಕಡೆಗೆ ಹೋಗುವ ಸಣ್ಣ ರೈಲು ಹತ್ತಿ ಆ್ಯಪಲ್‌ಡೋರ್‌ನಲ್ಲಿ ಇಳಿಯಿರಿ. ನಿಲ್ದಾಣ ಊರಿನಿಂದ ಒಂದೂವರೆ ಮೈಲಿ ದೂರದಲ್ಲಿದೆ. ಇಳಿದ ಕೂಡಲೇ ಅಂಗಡಿ ಸಿಗುತ್ತದೆ ಎಂದುಕೊಳ್ಳಬೇಡಿ. ನೀರು, ಬುತ್ತಿ ಮನೆಯಿಂದಲೇ ಬರಲಿ.

ಹಂತ 2: ಕಾಲಿಗೆ, ಮೈಗೆ

ಕಣಕಾಲು ಮುಚ್ಚುವ ಬೂಟು, ಉದ್ದ ಪ್ಯಾಂಟು, ಟೊಪ್ಪಿಗೆಯಿರುವ ಮಳೆ ಜಾಕೆಟ್ಟು. ಕೊಡೆ ಬೇಡ. ಇಲ್ಲಿ ಗಾಳಿಗೆ ಅಡ್ಡ ನಿಲ್ಲಲು ಗುಡ್ಡವಿಲ್ಲ, ಎರಡು ನಿಮಿಷದಲ್ಲಿ ಕೊಡೆ ಮಗುಚಿಕೊಳ್ಳುತ್ತದೆ. ಪ್ರವಾಸಿ ತಾಣಗಳಲ್ಲಿ ಮಾರುವ ತೆಳು ಪ್ಲಾಸ್ಟಿಕ್ ಪೊಂಚೊ ಅದಕ್ಕಿಂತ ಕೆಟ್ಟದ್ದು. ಮುಖಕ್ಕೇ ಬಡಿಯುತ್ತದೆ, ಮೊದಲ ಮುಳ್ಳುತಂತಿಗೇ ಹರಿದು ಚೂರಾಗಿ ಹೊಲದ ತುಂಬ ಹಾರುತ್ತದೆ. ಅದನ್ನು ಕುರಿ ತಿಂದರೆ ಹೊಟ್ಟೆಯಲ್ಲೇ ಉಳಿಯುತ್ತದೆ. ದಯವಿಟ್ಟು ಕೊಳ್ಳಬೇಡಿ.

ಹಂತ 3: ನಕ್ಷೆಯ ಮೇಲೆ ಪೆನ್ಸಿಲ್

ಎಲ್ಲರೂ ಎಡವುವುದು ಇಲ್ಲಿಂದ. ಫೋನಿನ ನಕ್ಷೆ ನಿಮ್ಮನ್ನು ಡಾಂಬರು ರಸ್ತೆಗೆ ಹತ್ತಿಸುತ್ತದೆ. ಆ ರಸ್ತೆಗಳಿಗೆ ಕಾಲುಹಾದಿ ಇಲ್ಲ, ತಿರುವುಗಳು ಕುರುಡು, ಕಾರುಗಳು ವೇಗವಾಗಿ ಬರುತ್ತವೆ. ಸ್ವಲ್ಪ ದೂರ ರಸ್ತೆಯಲ್ಲಿ ನಡೆಯಲೇಬೇಕಾಗಿ ಬಂದರೆ ಬಲಬದಿಯಲ್ಲಿ, ಎದುರು ಬರುವ ವಾಹನಕ್ಕೆ ಮುಖ ಮಾಡಿ, ಒಬ್ಬರ ಹಿಂದೊಬ್ಬರು ನಡೆಯಿರಿ.

ಬೇಕಾದದ್ದು ಬ್ರಿಟನ್ನಿನ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ಸರಣಿಯ 125ನೇ ಹಾಳೆ. ಕಾಗದದ್ದೇ ತೆಗೆದುಕೊಳ್ಳಿ. ಅದರ ಅಳತೆ 1:25,000. ಅಂದರೆ ನಕ್ಷೆಯ ನಾಲ್ಕು ಸೆಂಟಿಮೀಟರ್ ನೆಲದ ಮೇಲೆ ಒಂದು ಕಿಲೋಮೀಟರ್. ಹಸಿರು ಬಣ್ಣದ ಗಿಡ್ಡ ತುಂಡುಗೆರೆ ಎಂದರೆ ಸಾರ್ವಜನಿಕರು ನಡೆಯುವ ಹಕ್ಕಿರುವ ಹಾದಿ. ಹೊಲ ಖಾಸಗಿಯವರದ್ದಾದರೂ ಆ ಗೆರೆಯ ಮೇಲೆ ನಡೆಯಲು ಯಾರ ಅಪ್ಪಣೆಯೂ ಬೇಡ. ಆದರೆ ಗೆರೆ ಬಿಟ್ಟರೆ ಹಕ್ಕೂ ಬಿಟ್ಟಂತೆ.

ಹಿಂದಿನ ರಾತ್ರಿ ಊಟದ ಮೇಜಿನ ಮೇಲೆ ಹಾಳೆ ಹರಡಿ. ನಿಲ್ದಾಣದಿಂದ ಫೇರ್‌ಫೀಲ್ಡ್ ಚರ್ಚಿಗೆ ನೇರ ಗೆರೆ ಎಳೆದರೆ ಮೂರೂವರೆ ಕಿಲೋಮೀಟರ್. ಆ ಗೆರೆಯ ಮೇಲೆ ಯಾರೂ ನಡೆಯಲಾರರು, ಏಕೆಂದರೆ ಅದು ನೀಲಿ ಗೆರೆಗಳನ್ನು ಮತ್ತೆ ಮತ್ತೆ ಕತ್ತರಿಸುತ್ತದೆ. ಆ ನೀಲಿಯೇ ಹಳ್ಳಗಳು. ದೊಡ್ಡವನ್ನು ಇಲ್ಲಿ ಸ್ಯೂವರ್ ಎನ್ನುತ್ತಾರೆ, ನಕ್ಷೆಯಲ್ಲಿ ‘ವೈಟ್ ಕೆಂಪ್ ಸ್ಯೂವರ್’ ಎಂಬ ಹೆಸರು ಕಾಣುತ್ತದೆ. ಚರಂಡಿ ಎಂದು ಮೂಗು ಮುರಿಯಬೇಡಿ, ಹೊಲದ ನೀರನ್ನು ಸಮುದ್ರಕ್ಕೆ ಕಳಿಸುವ ಕಾಲುವೆ ಅದು. ಈಗ ಪೆನ್ಸಿಲ್ ಹಿಡಿದು ಚರ್ಚಿನಿಂದ ಹಿಂದಕ್ಕೆ, ನಿಲ್ದಾಣದ ಕಡೆಗೆ, ಹಸಿರು ಗೆರೆಯನ್ನು ಹಿಂಬಾಲಿಸಿ. ಹಸಿರು ನೀಲಿಯನ್ನು ದಾಟುವ ಒಂದೊಂದು ಕಡೆಗೂ ಸಣ್ಣ ಸೊನ್ನೆ ಹಾಕಿ. ಹಲವು ಕಡೆ ‘ಎಫ್‌ಬಿ’ ಎಂಬ ಎರಡು ಇಂಗ್ಲಿಷ್ ಅಕ್ಷರ ಕಾಣುತ್ತವೆ, ಅದೇ ಕಾಲುಸಂಕ. ಸೊನ್ನೆಗಳಿಗೆ ನಿಲ್ದಾಣದ ಕಡೆಯಿಂದ ಒಂದು, ಎರಡು, ಮೂರು ಎಂದು ಅಂಕಿ ಕೊಡಿ. ಪ್ರತಿ ಸೊನ್ನೆ ದಾಟಿದ ಮೇಲೆ ಮುಂದಿನ ಹಳ್ಳ ನಿಮ್ಮ ಎಡಕ್ಕೋ ಬಲಕ್ಕೋ ಎಂದು ಪಕ್ಕದಲ್ಲೇ ಬರೆದುಕೊಳ್ಳಿ. ಅರ್ಧ ಗಂಟೆಯ ಕೆಲಸ. ಇದನ್ನು ಮಾಡದೆ ಹೊರಟವರೇ ದಂಡೆಯಲ್ಲಿ ನಿಲ್ಲುವವರು.

ಹಂತ 4: ಹಳ್ಳ ದಾಟುವುದು

ಹೊಲಕ್ಕೆ ಇಳಿದ ಮೇಲೆ ಹಾದಿ ಕಾಣುವುದಿಲ್ಲ. ಕುರಿ ಮೇಯ್ದ ಹುಲ್ಲು ಎಲ್ಲ ಕಡೆ ಒಂದೇ ಎತ್ತರ. ಅಲ್ಲಲ್ಲಿ ಕಾಣುವ ಸವೆದ ದಾರಿಗಳನ್ನು ನಂಬಬೇಡಿ, ಅವು ಕುರಿಗಳದ್ದು, ಸಂಕದ ಬದಲು ನೀರಿನ ತೊಟ್ಟಿಗೆ ಹೋಗುತ್ತವೆ. ಬೇಲಿಯ ಬಳಿ ಒಂದು ಮರದ ಗೂಟ, ಅದರ ಮೇಲೆ ಅಂಗೈಗಿಂತ ಚಿಕ್ಕ ಬಿಲ್ಲೆ, ಬಿಲ್ಲೆಯಲ್ಲಿ ಹಳದಿ ಬಾಣ. ನಡೆಯುವವರ ಗುರುತು ಇದು (ನೀಲಿ ಬಾಣವಾದರೆ ಕುದುರೆ ಸವಾರರೂ ಬರುವ ಹಾದಿ). ಗೂಟಕ್ಕೆ ಬೆನ್ನು ಕೊಟ್ಟು, ಬಾಣ ತೋರುವ ದಿಕ್ಕಿಗೆ ಮುಖ ಮಾಡಿ ನಿಲ್ಲಿ. ಆ ನೇರದಲ್ಲಿ ದೂರದ ಒಂದು ಗುರುತು ಹಿಡಿಯಿರಿ: ವಿದ್ಯುತ್ ಗೋಪುರವೋ ಒಂಟಿ ಮರವೋ. ಅದರ ಮೇಲಿಂದ ಕಣ್ಣು ತೆಗೆಯದೆ ನಡೆಯಿರಿ.

ಚರ್ಚನ್ನು ಮಾತ್ರ ಗುರುತು ಮಾಡಿಕೊಳ್ಳಬೇಡಿ. ಬಯಲಿನ ನಡುವೆ ಒಂಟಿಯಾಗಿ ನಿಂತದ್ದು ಕಣ್ಣನ್ನು ಎಳೆಯುತ್ತದೆ, ಕಣ್ಣು ಹೋದ ಕಡೆ ಕಾಲು ಹೋಗುತ್ತದೆ, ಕಾಲು ಹಳ್ಳದ ಮುಂದೆ ನಿಲ್ಲುತ್ತದೆ. ಫೇರ್‌ಫೀಲ್ಡ್‌ಗೆ ಹೋಗುವಾಗ ಬಹಳ ಹೊತ್ತು ಚರ್ಚಿಗೆ ಓರೆಯಾಗಿಯೇ ನಡೆಯಬೇಕಾಗುತ್ತದೆ. ತಪ್ಪುತ್ತಿದ್ದೇವೆ ಎನಿಸಿದಾಗ ನಕ್ಷೆಯ ಅಂಕಿ ನೋಡಿ, ಮನಸ್ಸಿನ ಮಾತು ಕೇಳಬೇಡಿ.

ಸಂಕ ಎಂದರೆ ಎರಡು ಹಲಗೆ, ಹಿಡಿದುಕೊಳ್ಳಲು ಒಂದು ಅಡ್ಡಪಟ್ಟಿ. ಜೊಂಡು ಎತ್ತರ ಬೆಳೆದಾಗ ತೀರ ಹತ್ತಿರ ಹೋಗುವವರೆಗೆ ಕಾಣುವುದೇ ಇಲ್ಲ. ಸಿಗದಿದ್ದರೆ ದಂಡೆಯಲ್ಲೇ ಎಡಕ್ಕೆ ನೂರು ಹೆಜ್ಜೆ, ಬಲಕ್ಕೆ ನೂರು ಹೆಜ್ಜೆ ಹೋಗಿ ನೋಡಿ. ಆಗಲೂ ಸಿಗದಿದ್ದರೆ ಹಿಂದಿನ ಗೂಟಕ್ಕೆ ಮರಳಿ ಬಾಣವನ್ನು ಮತ್ತೆ ನೋಡಿ. ಹಾರಲು ಹೋಗಬೇಡಿ. ದಂಡೆಯ ಅಡಿ ಮಣ್ಣು ಕೊರೆದು ಹೋಗಿರುತ್ತದೆ, ಮೇಲೆ ಹುಲ್ಲಷ್ಟೇ ಇರುತ್ತದೆ. ನೀರಿನ ಮೇಲೆ ಕಾಳಿನಷ್ಟು ಸಣ್ಣ ಹಸಿರೆಲೆಗಳು ಒತ್ತಾಗಿ ಹರಡಿದಾಗ ಅದೂ ಗರಿಕೆಯ ಹಾಸಿನಂತೆಯೇ ಕಾಣುತ್ತದೆ. ನಮ್ಮ ಚಿಕ್ಕಪ್ಪ ಹುಲ್ಲೆಂದು ಅದರ ಮೇಲೇ ಕಾಲಿಟ್ಟರು. ತೊಡೆಯವರೆಗೆ ಇಳಿದರು. ಕೆಸರು ಬೂಟನ್ನು ಹಿಡಿದುಕೊಂಡುಬಿಟ್ಟಿತು. ಇಬ್ಬರು ಹೊಟ್ಟೆಯ ಮೇಲೆ ಮಲಗಿ ಅವರ ತೋಳು ಹಿಡಿದು ಎಳೆಯಬೇಕಾಯಿತು. ಬೂಟು ಇಂದಿಗೂ ಅಲ್ಲೇ ಇದೆ. ಒಬ್ಬರೇ ಹೋಗಿದ್ದರೆ ಏನಾಗುತ್ತಿತ್ತೋ ನೆನೆಸಿಕೊಳ್ಳಲಾರೆ.

ಬೇಲಿ ದಾಟಲು ನಮ್ಮ ತಡಮೆ, ದಣಪೆಗಳಂಥದ್ದೇ ವ್ಯವಸ್ಥೆ ಇರುತ್ತದೆ. ಗೇಟು ಹೇಗಿತ್ತೋ ಹಾಗೆಯೇ ಬಿಡಿ: ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದಿಡಿ. ತೆರೆಯಲಾಗದೆ ಹತ್ತಲೇಬೇಕಾದರೆ ಕೀಲಿನ ಬದಿಯಲ್ಲಿ ಹತ್ತಿ, ಆ ಬದಿ ಜಗ್ಗುವುದಿಲ್ಲ.

ಕುರಿಯೊಂದು ಅಂಗಾತ ಬಿದ್ದು ಕಾಲು ಆಡಿಸುತ್ತಿದ್ದರೆ ಆಟವಾಡುತ್ತಿದೆ ಎಂದು ಮುಂದೆ ಹೋಗಬೇಡಿ. ರಾಮ್ನಿ ತಳಿಯ ಉಣ್ಣೆ ಬಹಳ ಭಾರ. ಹಾಗೆ ಬಿದ್ದದ್ದು ತಾನಾಗಿ ಏಳಲಾರದೆ ಸಾಯುತ್ತದೆ. ಹೆಗಲ ಬಳಿಯ ಉಣ್ಣೆಯನ್ನು ಎರಡೂ ಕೈಯಲ್ಲಿ ಹಿಡಿದು ಮಗ್ಗುಲಿಗೆ ಉರುಳಿಸಿ, ಅದು ನಾಲ್ಕು ಕಾಲೂರಿ ಸಾವರಿಸಿಕೊಳ್ಳುವವರೆಗೆ ಹಿಡಿದು ನಿಲ್ಲಿ.

ಹಂತ 5: ಬಾಗಿಲು

ಹಳ್ಳ ಗೆದ್ದು ಬಂದವರೂ ಬಾಗಿಲ ಮುಂದೆ ಸೋಲುತ್ತಾರೆ. ಫೇರ್‌ಫೀಲ್ಡ್ ಚರ್ಚಿಗೆ ಬೀಗ ಇರುತ್ತದೆ. ದೊಡ್ಡ ಕೀಲಿಕೈಯನ್ನು ರಸ್ತೆ ಬದಿಯ ತೋಟದ ಮನೆಯ ಹೊರಗೆ ತೂಗುಹಾಕಿರುತ್ತಾರೆ. ಅದನ್ನು ತೆಗೆದುಕೊಂಡು ಚರ್ಚಿಗೆ ಹೋಗಿ, ಮರಳಿ ಅದೇ ಮೊಳೆಗೆ ಹಾಕಿ. ಜೇಬಿನಲ್ಲಿಟ್ಟುಕೊಂಡು ರೈಲು ಹತ್ತಿದರೆ ಹಿಂದೆ ಬರುವ ಎಲ್ಲರಿಗೂ ಆ ಬಾಗಿಲು ಮುಚ್ಚಿದಂತೆ.

ಬೇರೆ ಹಳ್ಳಿ ಚರ್ಚುಗಳಲ್ಲಿ ಬೀಗವೇ ಇಲ್ಲದಿದ್ದರೂ ಜನ ಹಿಡಿ ಜಗ್ಗಿ ‘ಲಾಕ್ ಆಗಿದೆ’ ಎಂದು ಹೋಗಿಬಿಡುತ್ತಾರೆ. ಹಳೆಯ ಓಕ್ ಬಾಗಿಲಿಗೆ ಕಬ್ಬಿಣದ ಬಳೆ ಇರುತ್ತದೆ. ಅದನ್ನು ಎಳೆಯುವುದಲ್ಲ, ತಿರುಗಿಸುವುದು. ಬಳೆ ತಿರುಗಿದಾಗ ಒಳಗಿನ ಅಗುಳಿ ಮೇಲೇಳುತ್ತದೆ, ಟಣ್ ಎಂದು ಕೇಳುತ್ತದೆ. ಹಾಗೇ ಹಿಡಿದುಕೊಂಡು ಹೆಗಲು ಕೊಟ್ಟು ನೂಕಿ. ಬಲಕ್ಕೆ ತಿರುಗದಿದ್ದರೆ ಎಡಕ್ಕೆ ತಿರುಗಿಸಿ ನೋಡಿ. ಹೊರಗೆ ತಂತಿಬಲೆಯ ಕದ ಇದ್ದರೆ ಒಳಹೋದ ಕೂಡಲೇ ಮುಚ್ಚಿ. ಕವಲುಬಾಲದ ಹಕ್ಕಿಗಳು ಒಳಸೇರಿದರೆ ಹೊರಬರುವ ದಾರಿ ಸಿಗದೆ ಸಾಯುತ್ತವೆ.

ಹಂತ 6: ಒಳಗೆ

ಬೂಟು ಬಿಚ್ಚುವುದು ಇಲ್ಲಿ ನಿಯಮವಲ್ಲ. ಆದರೂ ಕೆಸರು ಬೂಟನ್ನು ಮುಖಮಂಟಪದಲ್ಲಿ ಬಿಟ್ಟು ಕಾಲುಚೀಲದಲ್ಲಿ ಹೋಗಿ. ನಮಗೆ ಅಭ್ಯಾಸವೇ ಇದೆ, ಗುಡಿಸುವವರ ಕೆಲಸವೂ ಉಳಿಯುತ್ತದೆ.

ಫೇರ್‌ಫೀಲ್ಡ್ ಹೊರಗೆ ಇಟ್ಟಿಗೆ, ಒಳಗೆ ಮರ. ಮೂಲ ಮರದ ಚೌಕಟ್ಟಿಗೆ 18ನೇ ಶತಮಾನದಲ್ಲಿ ಇಟ್ಟಿಗೆಯ ಹೊದಿಕೆ ಹಾಕಿದರು. ತಲೆಯ ಮೇಲೆ ದಪ್ಪ ತೊಲೆಗಳು, ಕೆಳಗೆ ಬಿಳಿ ಬಣ್ಣ ಬಳಿದು ಕಪ್ಪು ಅಂಚು ಕೊಟ್ಟ ಪೆಟ್ಟಿಗೆಯಂಥ ಪೀಠಗಳು, ಮೂರು ಅಂತಸ್ತಿನ ಪ್ರವಚನ ಪೀಠ. ಈಗಿರುವ ಮಣ್ಣಿನ ಏರಿ ಕಟ್ಟುವ ಮೊದಲು ನೆರೆ ಬಂದಾಗ ಜನ ಪ್ರಾರ್ಥನೆಗೆ ದೋಣಿಯಲ್ಲಿ ಬರುತ್ತಿದ್ದರು. ಪೆಟ್ಟಿಗೆಯಂಥ ಪೀಠವೊಂದರ ಪುಟ್ಟ ಕದ ತೆರೆದು ಒಳಗೆ ಕೂತು, ಹತ್ತು ನಿಮಿಷ ಮಾತಾಡದೆ ಇರಿ. ಗಾಳಿ ಮತ್ತು ಕುರಿಯ ಸದ್ದಿನ ಹೊರತು ಏನೂ ಕೇಳುವುದಿಲ್ಲ.

ಇಲ್ಲಿಂದ ಬ್ರೂಕ್‌ಲ್ಯಾಂಡ್ ಸುಮಾರು ಎರಡು ಮೈಲಿ. ಮತ್ತೆ ಅದೇ ಅಂಕಿ, ಅದೇ ಸಂಕ. ಅಲ್ಲಿ ಗಂಟೆಗೋಪುರ ಚರ್ಚಿನ ಮೇಲಿಲ್ಲ, ಪಕ್ಕದ ನೆಲದ ಮೇಲೆ ನಿಂತಿದೆ. ಮರದ್ದು, ಮೂರು ಗೊರಬುಗಳನ್ನು ಒಂದರ ಮೇಲೊಂದು ಕವುಚಿದಂತಿದೆ. ಜೌಗು ನೆಲ ಆ ಭಾರ ತಡೆಯದು ಎಂದೇ ಬೇರೆ ಕಟ್ಟಿದರು ಎನ್ನುತ್ತಾರೆ. ಒಳಗೆ ಹೋಗಿ ಓರೆಯಾಗಿ ವಾಲಿದ ಕಂಬಗಳನ್ನು ನೋಡಿದರೆ ಆ ಮಾತು ನಿಜ ಎನಿಸುತ್ತದೆ.

ನೇರ ಜ್ಞಾನಸ್ನಾನದ ತೊಟ್ಟಿಯ ಬಳಿ ಹೋಗಿ. 12ನೇ ಶತಮಾನದ್ದು, ಸೀಸದಲ್ಲಿ ಎರಕ ಹೊಯ್ದದ್ದು. ಸುತ್ತ ಎರಡು ಸಾಲು ಕಮಾನುಗಳು. ಮೇಲಿನ ಸಾಲಿನಲ್ಲಿ ರಾಶಿಗಳು, ನಮ್ಮ ಪಂಚಾಂಗದ ಅದೇ ಮೇಷ, ವೃಷಭ, ಮಿಥುನ. ಕೆಳಗಿನ ಸಾಲಿನಲ್ಲಿ ಆಯಾ ತಿಂಗಳ ಕೆಲಸ. ಫೆಬ್ರವರಿಯಲ್ಲಿ ಒಬ್ಬ ಬೆಂಕಿ ಕಾಯಿಸಿಕೊಳ್ಳುತ್ತಿದ್ದಾನೆ, ಡಿಸೆಂಬರಿನಲ್ಲಿ ಒಬ್ಬ ಹಂದಿಯ ಮೇಲೆ ಕೊಡಲಿ ಎತ್ತಿದ್ದಾನೆ. ತೊಟ್ಟಿಗೆ ಒಂದು ಸುತ್ತು ಬಂದು ನಿಮ್ಮ ರಾಶಿ ಹುಡುಕಿ. ಮುಟ್ಟಬೇಡಿ, ಸೀಸ ಮೃದು. ಗೋಡೆಯ ಮೇಲೆ ಆರ್ಚ್‌ಬಿಷಪ್ ಬೆಕೆಟ್‌ನ ಕೊಲೆಯ ಹಳೆಯ ಚಿತ್ರವಿದೆ. 1170ರಲ್ಲಿ ಕ್ಯಾಂಟರ್ಬರಿಯಲ್ಲಿ ಸತ್ತ ಅವನ ಹೆಸರಿನದ್ದೇ ಬೆಳಿಗ್ಗೆ ನೋಡಿದ ಫೇರ್‌ಫೀಲ್ಡ್ ಚರ್ಚು. ಚಿತ್ರಕ್ಕೆ ಫ್ಲ್ಯಾಶ್ ಹಾಕಬೇಡಿ. ಕಾಣಿಕೆ ಪೆಟ್ಟಿಗೆಗೆ ಐದು ಪೌಂಡಾದರೂ ಹಾಕಿ, ಮಾಡು ಸೋರದಂತೆ ನೋಡಿಕೊಳ್ಳುವುದು ಅದೇ ಹಣ.

ಹಿರಿಯರಿದ್ದರೆ ಬ್ರೂಕ್‌ಲ್ಯಾಂಡ್‌ಗೆ ಕಾರು ಬರಹೇಳಿ. ಗಟ್ಟಿಗರು ಬಂದ ದಾರಿಯಲ್ಲೇ ನಿಲ್ದಾಣಕ್ಕೆ ಮರಳಲಿ.

ಹಂತ 7: ಮನೆಗೆ ಬಂದ ಮೇಲೆ

ಸ್ನಾನಕ್ಕೆ ಮೊದಲು ಉಣುಗು ಹುಡುಕಿ. ಮಂಡಿಯ ಹಿಂದೆ, ತೊಡೆಸಂದಿ, ಕಂಕುಳು, ಮಕ್ಕಳಾದರೆ ಕೂದಲ ಅಂಚು. ಇಲ್ಲಿನ ಉಣುಗಿನಿಂದ ಲೈಮ್ ಎಂಬ ಕಾಯಿಲೆ ಬರಬಹುದು. ಕಚ್ಚಿಕೊಂಡಿದ್ದರೆ ಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಸಪೂರ ಚಿಮಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು, ಹಿಸುಕದೆ, ನಿಧಾನವಾಗಿ ನೇರ ಮೇಲಕ್ಕೆ ಎಳೆಯಿರಿ. ಮುಂದಿನ ಕೆಲವು ವಾರಗಳಲ್ಲಿ ಕಚ್ಚಿದ ಜಾಗದ ಸುತ್ತ ಬಳೆಯಂತೆ ಹರಡುವ ಕೆಂಪು ಕಂಡರೆ ವೈದ್ಯರಿಗೆ ತೋರಿಸಿ. ಅಷ್ಟರಲ್ಲಿ ಊರಿಗೆ ಮರಳಿದ್ದರೆ, ಇಂಗ್ಲೆಂಡಿನ ಕುರಿ ಹೊಲದಲ್ಲಿ ನಡೆದಿದ್ದೆವು ಎಂಬುದನ್ನು ಅಲ್ಲಿನ ವೈದ್ಯರಿಗೆ ಮೊದಲೇ ಹೇಳಿ.