ಬೋಟ್ ಎಳ್ಕೊಂಡು ಹೋಗೋರು ಹಿಂದಿನ ಬೆಲ್ಟ್ ಮರೀಬೇಡಿ

ಮಿಶಿಗನ್‌ನಲ್ಲಿರೋ ನಮ್ಮವರು ಯಾರಾದ್ರೂ ಈ ವಾರಾಂತ್ಯ ಕೆರೆ ಕಡೆ ಕಾರಿಗೆ ಟ್ರೈಲರ್ ಕಟ್ಟಿ ಬೋಟ್ ಎಳ್ಕೊಂಡು ಹೊರಟಿದ್ರೆ ಇದನ್ನೊಮ್ಮೆ ಓದಿ.

ಮುಂದೆ ವಿಂಚ್ (ಟ್ರೈಲರ್ ಮೇಲಿರೋ, ಬೆಲ್ಟ್ ಸುತ್ತೋ ರಾಟೆ) ಬೆಲ್ಟ್ ಬಿಗಿಯಾಗಿದೆ ಅಂತ ನಂಬಿ ಹೊರಡಬೇಡಿ. ಅದು ಬೋಟನ್ನ ಟ್ರೈಲರ್ ಮೇಲೆ ಎಳೆಯೋಕೆ ಇರೋದು. ಬೋಟಿನ ಮೂತಿಯ ಕೊಂಡಿಯಿಂದ ಟ್ರೈಲರ್‌ಗೆ ಬೇರೆ ಒಂದು ಸರಪಳಿ ಹಾಕಿ. ವಿಂಚಿನ ಹಲ್ಲು ಜಾರಿದ್ರೂ ಬೋಟ್ ಹಿಂದಕ್ಕೆ ಹೋಗಲ್ಲ.

ಎಲ್ಲರೂ ಎಡವೋದು ಹಿಂಭಾಗದಲ್ಲಿ. ಅಲ್ಲಿನ ಎರಡು ಕೊಂಡಿಗಳಿಂದ ಟ್ರೈಲರ್ ಚೌಕಟ್ಟಿಗೆ ಎರಡು ರ್‍ಯಾಚೆಟ್ ಬೆಲ್ಟ್ (ಹಿಡಿ ಆಡಿಸಿ ಬಿಗಿ ಮಾಡೋವು) ಬೇಕೇ ಬೇಕು. ಮೊದಲ ವರ್ಷ ನಾನು ಒಂದೇ ಹಗ್ಗದಲ್ಲಿ ಸುಧಾರಿಸಿದ್ದೆ. ಗುಂಡಿಯಲ್ಲಿ ಎಗರಿದ ಬೋಟ್ ಅರ್ಧ ಗೇಣು ಪಕ್ಕಕ್ಕೆ ಸರಿದು ಕೂತಿತ್ತು! (ಇಲ್ಲಿನ ರಸ್ತೆ ಗುಂಡಿಗಳ ಬಗ್ಗೆ ನಿಮಗೇನು ಹೇಳೋದು.) ಬೆಲ್ಟಿಗೆ ಒಂದೇ ಒಂದು ಸುತ್ತು ತಿರುಚಿ ಕಟ್ಟಿ, ಗಾಳಿಗೆ ಭರ್ರೋ ಅಂತ ಬಡ್ಕೊಳ್ಳಲ್ಲ.

ಟ್ರೈಲರನ್ನ ಕಾರಿಗೆ ಸೇರಿಸೋ ಎರಡು ಸರಪಳಿ ಹಿಚ್ (ಕಾರಿಗೆ ಟ್ರೈಲರ್ ಸಿಕ್ಕಿಸೋ ಜೋಡಣೆ) ಕೆಳಗೆ ಕತ್ತರಿಯ ಹಾಗೆ ಅಡ್ಡ ಹಾಯಲಿ. ಹಿಚ್ ಕಳಚಿದ್ರೆ ಟ್ರೈಲರ್ ಮೂತಿ ರಸ್ತೆಗೆ ಬಡಿಯದೆ ಅವುಗಳ ಮೇಲೆ ಕೂರುತ್ತೆ.

ಸುಮಾರು 10 ಮೈಲಿ ಆದ್ಮೇಲೆ ನಿಲ್ಲಿಸಿ ಬೆಲ್ಟ್ ಮತ್ತೆ ಬಿಗಿ ಮಾಡಿ. ಹಾಗೇ ಚಕ್ರದ ನಡುವೆ ಕೈ ಹತ್ತಿರ ಹಿಡಿದು ನೋಡಿ, ಸುಡ್ತಿದ್ರೆ ಬೇರಿಂಗ್ ಕೆಟ್ಟಿರಬಹುದು, ಮುಂದೆ ಹೋಗಬೇಡಿ.