ಅಕ್ಕಿ ಹಂಚಬೇಡಿ, ಕಡ ಕೊಡಿ: ನಮ್ಮೂರ ಕಣಜದ ಲೆಕ್ಕ

ಕುಮಟಾ ತಾಲೂಕಿನ ಹಿರೇಗುತ್ತಿ, ಬರ್ಗಿ ಕಡೆಯ ನಾಲ್ಕೈದು ಕೇರಿಗಳಿಗೆ ಮಳೆಗಾಲಕ್ಕೆ ಅಕ್ಕಿ ಕಡ (ಸಾಲ) ಕೊಟ್ಟು ಆಮೇಲೆ ತಿರುಗಿ ಪಡೆಯುವಂತೆ ನಾವು ನಡೆಸುವ ಅಕ್ಕಿ ಕಣಜಕ್ಕೆ ಈಗ ಐದು ವರ್ಷ ತುಂಬುತ್ತ ಬಂತು. ಮೊದಲ ಮಳೆಗಾಲಕ್ಕೇ ಬಾಗಿಲು ಹಾಕುತ್ತಾರೆ ಎಂದು ಪಂಥ ಕಟ್ಟಿದವರು ನಮ್ಮೂರಲ್ಲೇ ಇದ್ದಾರೆ. ಅವರಲ್ಲೊಬ್ಬರು ಹೋದ ಆಷಾಢದಲ್ಲಿ ತಮ್ಮ ಮನೆಯ ಕೆಲಸದವಳಿಗೆ ಎರಡು ಕೊಳಗ (ಆರು ಕೆ.ಜಿ. ಚಿಲ್ಲರೆ) ಅಕ್ಕಿ ಕೊಡಿಸಿ ಎಂದು ನನ್ನ ಜಗುಲಿಗೆ ಬಂದರು. ಅಕ್ಕಿ ಕೊಟ್ಟೆ, ಚಹಾನೂ ಕೊಟ್ಟೆ. ಹೊನ್ನಾವರ, ಜೋಯಿಡಾ, ಶಿರಸಿ ಕಡೆ ಇಂಥದ್ದೇ ಶುರು ಮಾಡಿ ಅರ್ಧಕ್ಕೆ ನಿಂತವರು ಆಗಾಗ ಫೋನು ಮಾಡಿ ಕೇಳುತ್ತಾರೆ. ಪ್ರತಿ ಸಲ ಹೇಳುವ ಬದಲು ಒಮ್ಮೆ ಬರೆದುಬಿಡುತ್ತೇನೆ. ಸಂಘ ಕಟ್ಟುವುದು, ಠರಾವು ಬರೆಯುವುದು, ಖಾತೆ ತೆಗೆಯುವುದು ಇವೆಲ್ಲ ನಿಮಗೆ ಗೊತ್ತೇ ಇದೆ, ಬಿಟ್ಟೆ.

ನಾನು ಸೊಸೈಟಿ ಗೋದಾಮಿನಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ತಕ್ಕಡಿ ಹಿಡಿದವನು. ಕಾಳನ್ನು ಹಲ್ಲಿಗಿಟ್ಟು ಕಚ್ಚಿದರೆ ತೇವ ಶೇಕಡಾ ಹದಿನಾಲ್ಕರ ಮೇಲೋ ಕೆಳಗೋ ಎಂದು ಹೇಳಬಲ್ಲೆ. ಮೀಟರು ತಂದು ನೋಡಿದವರಿದ್ದಾರೆ, ಹೆಚ್ಚು ಕಡಿಮೆ ಸರಿಯೇ ಬಂದಿದೆ. 2013ರ ಜುಲೈಯಲ್ಲಿ ಅನ್ನಭಾಗ್ಯ ಬಂದಾಗ ಮೂಟೆ ಇಳಿಸಿಕೊಂಡವನೂ ನಾನೇ. ಅದಾದ ಮೇಲೆ ನಮ್ಮ ಕೇರಿಗಳಲ್ಲಿ ಗಂಜಿಗೂ ಗತಿಯಿಲ್ಲ ಅನ್ನುವ ಮನೆಗಳು ಎಷ್ಟು ಕಡಿಮೆಯಾದವು ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಜೊತೆಗೆ ಯಾರು ಬಿಟ್ಟುಹೋದರು ಎಂಬುದೂ ತಕ್ಕಡಿಯ ಈಚೆ ಕೂತವನಿಗೇ ಮೊದಲು ಕಾಣುತ್ತದೆ. ಮದುವೆಯಾಗಿ ಬಂದ ಸೊಸೆಯ ಹೆಸರನ್ನು ತವರಿನ ಕಾರ್ಡಿನಿಂದ ತೆಗೆದಿಲ್ಲ, ಹಾಗಾಗಿ ಇಲ್ಲಿಯ ಕಾರ್ಡಿಗೆ ಸೇರಿಲ್ಲ. ಹೊಸ ಕಾರ್ಡಿಗೆ ಅರ್ಜಿ ಕೊಟ್ಟು ವರ್ಷಗಟ್ಟಲೆ ಕಾದವರಿದ್ದಾರೆ. ಹೊಳೆಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕಿ, ಅಡಿಕೆ ಸುಲಿದು ಬೆರಳಿನ ಗೆರೆ ಸವೆದು ರೇಷನ್ ಅಂಗಡಿಯ ಬೆರಳಚ್ಚು ಮೆಷಿನ್ನಿಗೆ ಹತ್ತದ ಹೆಂಗಸರಿದ್ದಾರೆ.

ಇವರಿಗೆ ಇಡೀ ವರ್ಷ ತೊಂದರೆ ಎಂದೇನಿಲ್ಲ. ಬಿಗಿಯಾಗುವುದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗಿಳಿಯುವಂತಿಲ್ಲ. ತದಡಿಯ ದಕ್ಕೆಯಲ್ಲಿ ಮೀನು ಆರಿಸುವವರಿಗೂ ಬುಟ್ಟಿ ಹೊರುವವರಿಗೂ ಆಗ ಕೆಲಸವಿಲ್ಲ. ಚಿರೇಕಲ್ಲಿನ ಕ್ವಾರಿ, ಗಾರೆ ಕೆಲಸ ಎಲ್ಲ ಬಂದ್. ನೆಟ್ಟಿ ಮುಗಿದ ಮೇಲೆ ಗದ್ದೆ ಕೂಲಿಯೂ ಇಲ್ಲ. ಎರಡು, ಹೆಚ್ಚೆಂದರೆ ಎರಡೂವರೆ ತಿಂಗಳು. ಅದನ್ನು ದಾಟಿಸಿದರೆ ಸಾಕು, ಮುಂದಿನದ್ದು ಅವರೇ ನೋಡಿಕೊಳ್ಳುತ್ತಾರೆ.

2020ರ ಲಾಕ್‌ಡೌನಿನಲ್ಲಿ ಎಲ್ಲರ ಹಾಗೆ ನಾವೂ ಕಿಟ್ ಹಂಚಿದೆವು. ಸುಮಾರು ಎಪ್ಪತ್ತು ಸಾವಿರ ಖರ್ಚಾಗಿರಬೇಕು, ಗೋವಾ ಮುಂಬೈಯಲ್ಲಿದ್ದ ಹುಡುಗರು ಕಳಿಸಿದ್ದು. ದೇವಸ್ಥಾನದ ಸಭಾಭವನದಲ್ಲಿ ಸಾಲು ನಿಲ್ಲಿಸಿ ಕೊಟ್ಟೆವು, ಫೋಟೋನೂ ತೆಗೆದರು. ಬೈಕಿನ ಮೇಲೆ ಬಂದವರು ಎರಡೆರಡು ಒಯ್ದರು. ನಿಜವಾಗಿ ಬೇಕಾಗಿದ್ದ ಐದಾರು ಮನೆಯವರು ಬರಲೇ ಇಲ್ಲ. ಮನೆಗೇ ಒಯ್ದು ಕೊಡಲು ಹೋದರೆ ಒಬ್ಬಾಕೆ ಬಾಗಿಲಲ್ಲೇ ನಿಂತು, "ನಮ್ಮಲ್ಲಿ ಅದೆ ನಾಯ್ಕರೆ, ಬೇರೆಯವರಿಗೆ ಕೊಡಿ" ಅಂದಳು. ಒಳಗೆ ಏನೂ ಇರಲಿಲ್ಲ, ನನಗೂ ಗೊತ್ತು, ಅವಳಿಗೂ ಗೊತ್ತು. ಅದೇ ಹೆಂಗಸು ವಾರದ ನಂತರ ನನ್ನ ಹೆಂಡತಿಯ ಹತ್ತಿರ ಹಿಂದಿನ ಬಾಗಿಲಿಗೆ ಬಂದು ಒಂದು ಕೊಳಗ ಅಕ್ಕಿ ಕಡ ಒಯ್ದಳು. ದೀಪಾವಳಿ ಹೊತ್ತಿಗೆ ತಿರುಗಿಸಿ ಕೊಟ್ಟಳು, ಒಂದು ಹಿಡಿ ಹೆಚ್ಚಾಗಿಯೇ.

ಇಡೀ ಯೋಜನೆ ಹುಟ್ಟಿದ್ದು ಅಲ್ಲಿಂದ. ಕಡ ಕೊಟ್ಟರೆ ವಾಪಸು ಬರುತ್ತದಾ ಎಂದು ಎಲ್ಲರೂ ನಕ್ಕರು. ನಮ್ಮ ಸಂಘದ ಖಜಾಂಚಿಯೇ, "ಇದು ದಾನ ಅಂತಲೇ ಬರಕೊಳ್ಳಿ ಮಾರಾಯ್ರೆ, ಲೆಕ್ಕ ಸುಲಭ ಆಗ್ತದೆ" ಅಂದರು.

ಮೊದಲ ವರ್ಷದ ಪೆಟ್ಟು ಬಿದ್ದದ್ದು ಬೇರೆ ಕಡೆ. ಏಪ್ರಿಲ್‌ನಲ್ಲಿ ಮಿಲ್ಲಿನಿಂದ ಅಕ್ಕಿ ತಂದು ತಗಡಿನ ಡ್ರಮ್ಮುಗಳಲ್ಲಿ ತುಂಬಿಟ್ಟೆವು. ಜೂನ್ ಕೊನೆಗೆ ಮುಚ್ಚಳ ತೆಗೆದರೆ ಮುಗ್ಗು ವಾಸನೆ, ಮೇಲೆ ಹುಳ ಹರಿದಾಡುತ್ತಿತ್ತು. ಎರಡು ಕ್ವಿಂಟಲ್ ಹತ್ತಿರ ಹಾಳಾಯಿತು. ಕೋಳಿ ಸಾಕುವವನೊಬ್ಬ ಕೆ.ಜಿ.ಗೆ ಹತ್ತೋ ಹನ್ನೆರಡೋ ಕೊಟ್ಟು ಒಯ್ದ. ತಗಡು ರಾತ್ರಿ ತಣ್ಣಗಾಗಿ ಒಳಗೆ ಬೆವರುತ್ತದೆ, ನಮ್ಮ ಕರಾವಳಿ ಹವೆಗೆ ಅದು ಆಗುವುದಿಲ್ಲ. ಪ್ಲಾಸ್ಟಿಕ್ ಡ್ರಮ್ಮು ಸ್ವಲ್ಪ ವಾಸಿ, ಆದರೆ ಆಗಾಗ ತೆಗೆದು ಹಾಕುತ್ತಿದ್ದರೆ ಅದೂ ಅಷ್ಟೇ.

ಮರುವರ್ಷದಿಂದ ಅಕ್ಕಿ ಇಡುವುದನ್ನೇ ಬಿಟ್ಟು ಭತ್ತ ಇಟ್ಟೆವು. ಅದೂ ಕುದಿಸಿ ಒಣಗಿಸಿದ ಭತ್ತ. ಹೊಟ್ಟು ಮೇಲಿರುವ ತನಕ ತೇವ ಅಷ್ಟು ಬೇಗ ಒಳಗಿಳಿಯುವುದಿಲ್ಲ, ಹುಳವೂ ಕಡಿಮೆ. ಮಾಣಿಕಟ್ಟಾ ಗಜನಿಯ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಕಗ್ಗದ ಭತ್ತವನ್ನು ಡಿಸೆಂಬರಿನಲ್ಲಿ ಗದ್ದೆಯಿಂದಲೇ ಕೊಳ್ಳುತ್ತೇವೆ. ಉಪ್ಪುನೀರು ನಿಂತರೂ ಬದುಕುವ ತಳಿ, ಗೊಬ್ಬರ ಬೇಡುವುದಿಲ್ಲ. ಆದರೆ ಇಳುವರಿ ಕಡಿಮೆ, ಅದಕ್ಕೇ ಗಜನಿಯನ್ನು ಸಿಗಡಿಗೆ ಬಿಟ್ಟವರೇ ಜಾಸ್ತಿ. ನಾವು ಕ್ವಿಂಟಲಿಗೆ ಎರಡೂವರೆ ಸಾವಿರದ ಆಸುಪಾಸಿನಲ್ಲಿ ಕೊಂಡದ್ದರಿಂದ ಇಬ್ಬರು ಬಿತ್ತುವುದನ್ನು ಬಿಡದೆ ಮುಂದುವರಿಸಿದ್ದಾರೆ. ಮುಖ್ಯ ಕಾರಣ ಬಾಯಿರುಚಿ. ನಮ್ಮ ಜನಕ್ಕೆ ಕೆಂಪು ಕುಚಲಕ್ಕಿಯ ಗಂಜಿ ಬೇಕು, ರೇಷನ್ನಿನ ಬೆಳ್ತಿಗೆ (ಕುದಿಸದ ಭತ್ತದ ಬಿಳಿ ಅಕ್ಕಿ) ಅನ್ನ ಮಧ್ಯಾಹ್ನದವರೆಗೂ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಅನ್ನುತ್ತಾರೆ. ಅದಕ್ಕೇ ಅಲ್ಲವೇ ಅದು ಅರ್ಧ ಬೆಲೆಗೆ ಇಡ್ಲಿ ಅಂಗಡಿ ಸೇರುವುದು.

ಮಾರ್ಚ್ ಏಪ್ರಿಲ್‌ನಲ್ಲಿ ಸೌದೆಯೂ ಒಣ, ಬಿಸಿಲೂ ಗಟ್ಟಿ. ಆಗ ಹಂಡೆಯಲ್ಲಿ ಕುದಿಸಿ ಅಂಗಳದಲ್ಲಿ ಹರವುತ್ತೇವೆ. ಒಂದೇ ಬಿಸಿಲಿಗೆ ಗರಿಗರಿ ಮಾಡಿದರೆ ಮಿಲ್ಲಿನಲ್ಲಿ ನುಚ್ಚು ಬೀಳುತ್ತದೆ. ಮಧ್ಯೆ ನೆರಳಿಗೆ ಎಳೆದು ರಾಶಿ ಹಾಕಿ ಮತ್ತೆ ಹರವಬೇಕು, ಎಷ್ಟು ಹೊತ್ತಿಗೆ ಎಳೆಯಬೇಕು ಎಂಬುದು ಕಾಲಿನಡಿ ಗೊತ್ತಾಗುತ್ತದೆ. ಅದನ್ನು ಬರೆದು ಹೇಳಲು ಬಾರದು, ಬಂದು ತುಳಿದು ನೋಡಿ. ನೂರು ಕೆ.ಜಿ. ಭತ್ತಕ್ಕೆ ಅರವತ್ತರಿಂದ ಅರವತ್ತೈದು ಕೆ.ಜಿ. ಅಕ್ಕಿ. ತೌಡು ದನ ಸಾಕಿದವರಿಗೆ ಹೋಗುತ್ತದೆ, ಆ ದುಡ್ಡಿನಲ್ಲಿ ಮಿಲ್ಲಿನ ಬಾಡಿಗೆಯ ಒಂದು ಪಾಲು ಹುಟ್ಟುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೆ ಬೇಕಾದಷ್ಟನ್ನು ಮಾತ್ರ ಮಿಲ್ಲಿಗೆ ಒಯ್ಯುತ್ತೇವೆ.

ಹುಳಕ್ಕೆ ಬೇವು, ಒಣಮೆಣಸು, ಬೂದಿ, ನೆಕ್ಕಿ (ಲಕ್ಕಿ) ಸೊಪ್ಪು ಎಲ್ಲ ಇಟ್ಟು ನೋಡಿದ್ದೇನೆ. ನಾಲ್ಕು ಚೀಲಕ್ಕೆ ನಾಲ್ಕು ಬಗೆ. ನೆಕ್ಕಿ ಸೊಪ್ಪು ಗೆದ್ದಿತು, ನೆರಳಲ್ಲಿ ಒಣಗಿಸಿದ್ದಾದರೆ. ಮೆಣಸಿಟ್ಟ ಚೀಲ ಬಿಚ್ಚಿದವ ಅರ್ಧ ದಿನ ಸೀನಿದ. ಇದರ ಜೊತೆ ಇನ್ನೊಂದು ಸಾಮಾನು ಹಾಕುತ್ತೇನೆ, ಅದು ನಮ್ಮ ಕಣಜದ ಗುಟ್ಟು, ಇಲ್ಲಿ ಬೇಡ. ಒಂದೆರಡು ಮುಡೆ (ಕಾಳು ತುಂಬಿ ಕಟ್ಟುವ ಹುಲ್ಲಿನ ಮೂಟೆ) ಕಟ್ಟಿಸಿ ಒಲೆಯ ಮೇಲಿನ ಅಟ್ಟದಲ್ಲೂ ಇಟ್ಟೆ. ಹೊಗೆ ಹತ್ತಿ ಕಾಳು ಕಲ್ಲಿನಂತೆ ಉಳಿಯಿತು. ಆದರೆ ಮುಡೆ ಕಟ್ಟಬಲ್ಲವರು ನಮ್ಮಲ್ಲಿ ಒಬ್ಬ ಅಜ್ಜ ಮಾತ್ರ, ಒಂದು ಮುಡೆಗೆ ಅವರು ಇಡೀ ದಿನ ತೆಗೆದುಕೊಂಡು ಊಟ, ಎಲೆ ಅಡಿಕೆ ಸೇರಿಸಿ ಆರುನೂರು ಖರ್ಚು ಮಾಡಿಸಿದರು.

ವಾಪಸಾತಿಯ ಲೆಕ್ಕಕ್ಕೆ ಬರುತ್ತೇನೆ. ನಮ್ಮ ಕೊಳಗದಲ್ಲಿ ಅಕ್ಕಿ ಮೂರು ಕೆ.ಜಿ.ಗೆ ತುಸು ಹೆಚ್ಚು ಹಿಡಿಯುತ್ತದೆ. ಒಂದು ಮನೆಗೆ ಮಳೆಗಾಲಕ್ಕೆ ಆರು ಕೊಳಗದವರೆಗೆ. ಹತ್ತಕ್ಕೆ ಒಂದು ಹೆಚ್ಚು ಸೇರಿಸಿ ತಿರುಗಿಸಬೇಕು. ಗದ್ದೆಯಿದ್ದವರು ಕೊಯ್ಲಿನ ಮೇಲೆ ಭತ್ತ ಕೊಡುತ್ತಾರೆ. ಬೋಟಿನವರು ಆಗಸ್ಟ್ ಮುಗಿದು ಕೈಗೆ ದುಡ್ಡು ಬಂದ ಮೇಲೆ ರೊಕ್ಕ. ಎರಡೂ ಇಲ್ಲದವರು ಏಪ್ರಿಲ್‌ನಲ್ಲಿ ಭತ್ತ ಕುದಿಸಲು ಬರುತ್ತಾರೆ, ಒಂದು ದಿನದ ಕೆಲಸಕ್ಕೆ ಎರಡು ಕೊಳಗ ವಜಾ. ಈ ಮೂರನೆಯ ದಾರಿಯನ್ನು ಸೇರಿಸುವವರೆಗೆ ನಮ್ಮ ಬಾಕಿ ಮೂರರಲ್ಲೊಂದು ಪಾಲು ಇತ್ತು. ಈಗ ಹತ್ತರಲ್ಲೊಂದಕ್ಕೆ ಇಳಿದಿದೆ, ಅದನ್ನು ಆ ಹತ್ತಕ್ಕೊಂದು ಹೆಚ್ಚಳವೇ ಹೆಚ್ಚುಕಡಿಮೆ ಮುಚ್ಚುತ್ತದೆ. ಬ್ಯಾಂಕಿನವರು ಕೇಳಿದರೆ ಹೊಟ್ಟೆಕಿಚ್ಚು ಪಡಬೇಕು.

ಲೆಕ್ಕದ ವಹಿ ಇನ್ನೊಂದು ತಲೆನೋವಾಗಿತ್ತು. ಸಂಘದ ಮೀಟಿಂಗಿನಲ್ಲಿ ಬಾಕಿದಾರರ ಹೆಸರು ಓದಿದ ದಿನದಿಂದ ಹೆಂಗಸರು ಬರುವುದೇ ನಿಂತಿತು. ಆಮೇಲೆ ನನ್ನ ಹೆಂಡತಿ ಒಂದು ಉಪಾಯ ಹೇಳಿದಳು: ಮನೆಗೊಂದು ಮೀನಿನ ಹೆಸರು. ವಹಿಯಲ್ಲಿ ಈಗ ಬಂಗಡೆ, ತಾರ್ಲೆ, ಇಸವಾಣ, ಸಿಗಡಿ, ಬಳಚು. ರಸ್ತೆಯಲ್ಲಿ ಸಿಕ್ಕಿದಾಕೆ ನಾಲ್ಕು ಜನರ ಎದುರೇ, "ನಾಯ್ಕರೆ, ತಾರ್ಲೆ ಎಷ್ಟಾಯ್ತು?" ಎಂದು ಕೇಳುತ್ತಾಳೆ. "ಎರಡು ಉಳದದೆ ಅಕ್ಕಾ" ಎಂದರೆ ಕೇಳಿದವರಿಗೆ ಮೀನಿನ ವ್ಯಾಪಾರ. ನಲವತ್ತು ಮನೆ ದಾಟುವಷ್ಟರಲ್ಲಿ ಮೀನು ಮುಗಿದವು, ಈಗ ಹಕ್ಕಿಗಳಿಗೆ ಬಂದಿದ್ದೇವೆ. ಬಾಯಿಬಿಟ್ಟು ಕೇಳದ ಮನೆಯಲ್ಲಿ ಅಕ್ಕಿ ಮುಗಿದಿದೆ ಎಂಬುದು ನನಗೆ ಹೇಗೆ ಗೊತ್ತಾಗುತ್ತದೆ ಎಂದು ಬಹಳ ಜನ ಕೇಳುತ್ತಾರೆ. ಅದೊಂದು ಗುರುತಿದೆ. ಬರೆದರೆ ಮುಂದಿನ ವರ್ಷ ಆ ಗುರುತನ್ನೇ ಮುಚ್ಚಿಡುತ್ತಾರೆ, ಆದ್ದರಿಂದ ಬರೆಯುವುದಿಲ್ಲ.

ಮಧ್ಯೆ ಮದುವೆ ಮನೆಯಲ್ಲಿ ಉಳಿದ ಅಡುಗೆ ತರುವ ಪ್ರಯೋಗವನ್ನೂ ಮಾಡಿದೆವು. ಶಿರಸಿಯ ಸ್ನೇಹಿತರೊಬ್ಬರು ಅಲ್ಲಿ ಚೆನ್ನಾಗಿ ನಡೆಸುತ್ತಾರೆ. ಘಟ್ಟದ ಮೇಲಿನ ತಂಪಿಗೆ ಅದು ಸರಿ. ನಮ್ಮಲ್ಲಿ ಮೇ ತಿಂಗಳಲ್ಲಿ ಎರಡೂವರೆಗೆ ಪಂಕ್ತಿ ಮುಗಿದು ನಾಲ್ಕಕ್ಕೆ ಟೆಂಪೋ ಬರುವಷ್ಟರಲ್ಲಿ ಸಾಂಬಾರು ನೊರೆ ಕಟ್ಟಿರುತ್ತದೆ. ಡೀಸೆಲ್ಲಿಗೇ ಒಂದು ಸಲಕ್ಕೆ ನಾನೂರು ಐನೂರು. ಮೂರ್ನಾಲ್ಕು ಮದುವೆಗೆ ಕೈಮುಗಿದೆವು. ಈಗ ಉಗ್ರಾಣದಲ್ಲಿ ಉಳಿದ ಬೇಳೆ, ಬೆಲ್ಲ, ಬೇಯಿಸದ ಅಕ್ಕಿ ಇದ್ದರೆ ಮಾತ್ರ ಕೊಡಿ ಎನ್ನುತ್ತೇವೆ.

2023ರ ಜುಲೈಯಿಂದ ರಾಜ್ಯ ಸರ್ಕಾರದ ಹೆಚ್ಚುವರಿ ಐದು ಕೆ.ಜಿ.ಯ ಬದಲಿಗೆ ಕೆ.ಜಿ.ಗೆ 34ರಂತೆ ತಲೆಗೆ 170 ರೂಪಾಯಿ ಖಾತೆಗೆ ಬರತೊಡಗಿದಾಗ, ಇನ್ನು ನಿಮ್ಮ ಕಣಜ ಯಾಕೆ ಎಂದರು ಕೆಲವರು. ಆಧಾರ್ ಜೋಡಣೆಯಾಗದ ಖಾತೆಗೆ ಬಿಡಿಗಾಸೂ ಬರಲಿಲ್ಲ. ಬಂದವರಿಗೂ ಆ 170ಕ್ಕೆ ನಮ್ಮ ಅಂಗಡಿಯಲ್ಲಿ ಕುಚಲಕ್ಕಿ ಮೂರೂವರೆ ಕೆ.ಜಿ. ಸಿಕ್ಕರೆ ಹೆಚ್ಚು. ಆ ಎರಡು ಮಳೆಗಾಲದಲ್ಲಿ ನಮ್ಮ ಕಡ ಇಳಿಯಲಿಲ್ಲ, ಏರಿತು. 2025ರಲ್ಲಿ ಮತ್ತೆ ಅಕ್ಕಿಯೇ ಬಂದ ಮೇಲೆ ತುಸು ಇಳಿದಿದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆಯಿತಲ್ಲ, ಅಂಕೋಲೆ ಕಡೆ ಕೂಲಿಗೆ ಹೋಗುತ್ತಿದ್ದ ನಮ್ಮವರೆಲ್ಲ ಮನೆಯಲ್ಲೇ ಉಳಿದರು. ಒಂದೇ ವಾರದಲ್ಲಿ ಏಳೆಂಟು ಕ್ವಿಂಟಲ್ ಅಕ್ಕಿ ಹೊರಗೆ ಹೋಯಿತು. ಕರೆಂಟಿಲ್ಲದೆ ಮಿಲ್ಲು ನಿಂತಾಗ ಎರಡು ಮನೆಯ ಒರಳು ಒನಕೆ ಹೊರಬಂದವು. ಪಂಥ ಕಟ್ಟಿದವರು ಬಾಯಿ ಮುಚ್ಚಿದ್ದು ಆ ವಾರ.

ಕಡ ಪಡೆಯುವ ಪ್ರತಿ ಮನೆಯ ರೇಷನ್ ಕಾರ್ಡನ್ನೂ ನೋಡುತ್ತೇವೆ, ಒಂದು ಕಾರ್ಡು ಸರಿಯಾದರೆ ನಮ್ಮ ಮೇಲಿನ ಭಾರ ಅಷ್ಟು ಇಳಿದಂತೆ. ಹೆಬ್ಬೆಟ್ಟೇ ಆಗಬೇಕೆಂದಿಲ್ಲ, ಹತ್ತು ಬೆರಳನ್ನೂ ಇಟ್ಟು ನೋಡಿ, ಎಡಗೈಯ ಉಂಗುರ ಬೆರಳು ಹತ್ತಿದ್ದೂ ಉಂಟು. ಆಗದಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಹೊಸದು ಮಾಡಿಸಿ, ಅದೂ ಅಡಿಕೆ ಸುಲಿಯುವ ಹಂಗಾಮು ಮುಗಿದು ತಿಂಗಳು ಕಳೆದ ಮೇಲೆ. ಒಂಟಿ ಮುದುಕಿಗೆ ಆದ್ಯತಾ (ಬಿಪಿಎಲ್) ಕಾರ್ಡಿನಲ್ಲಿ ಅಕ್ಕಿ ತಲೆ ಲೆಕ್ಕದಲ್ಲಿ, ಕಡುಬಡವರ ಅಂತ್ಯೋದಯ ಕಾರ್ಡಾದರೆ ಮನೆಗೆ 35 ಕೆ.ಜಿ. ಆದರೆ ಅಂತ್ಯೋದಯಕ್ಕೆ ಸಂಖ್ಯೆಯ ಮಿತಿ ಇದೆ, ಎಲ್ಲಿ ಖಾಲಿಯಾಯಿತು ಎಂದು ಆಹಾರ ನಿರೀಕ್ಷಕರನ್ನು ಬಿಡದೆ ಕೇಳುತ್ತಿರಬೇಕು. ಘಟ್ಟದ ಮೇಲಿಂದ ಕೆಲಸಕ್ಕೆ ಬಂದ ಕುಟುಂಬಗಳು ತಮ್ಮೂರಿನ ಕಾರ್ಡಿನಲ್ಲೇ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಪಡೆಯಬಹುದು. ಒಂದು ಅಂಗಡಿಯವ ಆಗುವುದಿಲ್ಲ ಅಂದ. ಅವನೆದುರೇ ನಿಂತು ರೇಷನ್ ಸಹಾಯವಾಣಿ 1967ಕ್ಕೆ ಫೋನು ಹಚ್ಚಿದೆ, ಆಯಿತು.

ಒಟ್ಟು ದುಡ್ಡು ಹೇಳುವುದಾದರೆ, ಶುರುವಿಗೆ ಕೈಯಲ್ಲಿದ್ದದ್ದು ನಲವತ್ತು ಸಾವಿರದ ಸುತ್ತ, ಹದಿನೈದು ಕ್ವಿಂಟಲ್ ಭತ್ತದ ಬಾಬ್ತು. ಈಗ ಮೂವತ್ತು ಕ್ವಿಂಟಲ್ ತಿರುಗುತ್ತಿದೆ, ಎಪ್ಪತ್ತರ ಹತ್ತಿರ ಮನೆಗಳು. ವರ್ಷದ ಖರ್ಚು ಸೌದೆ, ಮಿಲ್ಲು, ಗಾಡಿ ಬಾಡಿಗೆ ಸೇರಿ ಹನ್ನೆರಡು ಹದಿಮೂರು ಸಾವಿರ. ಮಿಲ್ಲಿನವರು ಈ ವರ್ಷ ದರ ಏರಿಸಿದ್ದಾರೆ, ಸಣ್ಣ ಲೋಡು ಬೇಡ ಎಂದು ಮುಖ ಬೇರೆ ಸಿಂಡರಿಸುತ್ತಾರೆ. ಹಳೆಯ ಮಿನಿ ಮಿಲ್ಲು ಯಾರಾದರೂ ಮಾರುವವರಿದ್ದರೆ ತಿಳಿಸಿ. ಸಿಂಗಲ್ ಫೇಸಿನದ್ದೇ ಆಗಬೇಕು, ರಬ್ಬರ್ ರೋಲರು ಸವೆದಿದ್ದರೂ ಅಡ್ಡಿಯಿಲ್ಲ, ಹದಿನೈದು ಸಾವಿರದ ಮೇಲೆ ಹೋಗುವುದಿಲ್ಲ.