ಬ್ಯಾಸ್ಕರ್‌ವಿಲ್‌ನಲ್ಲಿ ಪುಸ್ತಕ ಜೋಡಿಸುವಾಗ

ಇಂಗ್ಲಿಷ್ ಪುಸ್ತಕದ ಪುಟ ಜೋಡಿಸುವ ಕೆಲಸ ಬಂದರೆ ನಾನು ಮೊದಲು ಕೇಳುವುದು ಯಾವ ಕಾಗದ ಅಂತ. ಫಾಂಟ್ ವಿಚಾರ ಆಮೇಲೆ. ಬ್ಯಾಸ್ಕರ್‌ವಿಲ್ ಎಂಬ ಇಂಗ್ಲಿಷ್ ಫಾಂಟ್ ಹಾಕುವ ಆಸೆ ಇದ್ದರಂತೂ ಕಾಗದ ಗೊತ್ತಾಗದೆ ಕೆಲಸ ಶುರು ಮಾಡುವುದೇ ಇಲ್ಲ.

ಕಾರಣ ಅದರ ಹುಟ್ಟಿನಲ್ಲೇ ಇದೆ. ಬರ್ಮಿಂಗ್‌ಹ್ಯಾಮ್‌ನ ಜಾನ್ ಬ್ಯಾಸ್ಕರ್‌ವಿಲ್ ಮೊದಲು ಕೈಬರಹ ಕಲಿಸುತ್ತಿದ್ದ, ಕಲ್ಲಿನ ಮೇಲೆ ಅಕ್ಷರ ಕೆತ್ತುತ್ತಿದ್ದ. ಆಮೇಲೆ ಮೆರುಗೆಣ್ಣೆ ಬಳಿದ ಸಾಮಾನುಗಳ ವ್ಯಾಪಾರದಲ್ಲಿ ದುಡ್ಡು ಮಾಡಿಕೊಂಡು ಮುದ್ರಣಕ್ಕೆ ಇಳಿದ. ಹೊಸ ಅಕ್ಷರ ಮಾಡಿಸಿ ಸುಮ್ನೆ ಕೂತವನಲ್ಲ. ಕಪ್ಪು ಗಾಢವಾಗಿ ಬರುವ ಶಾಯಿಯನ್ನು ತಾನೇ ತಯಾರಿಸಿದ, ಅಚ್ಚಾದ ಹಾಳೆಗಳನ್ನು ಬಿಸಿ ಮಾಡಿ ಒತ್ತಿ ನುಣುಪು ಬರಿಸಿದ. 1757ರಲ್ಲಿ ಅವನು ಅಚ್ಚು ಹಾಕಿದ ರೋಮನ್ ಕವಿ ವರ್ಜಿಲನ ಪುಸ್ತಕದಲ್ಲಿ ಕೆಲವು ಹಾಳೆಗಳಂತೂ ಆಗಿನ್ನೂ ಹೊಸದಾಗಿದ್ದ, ತಯಾರಿಸುವ ಜಾಲರಿಯ ಗೆರೆ ಕಾಣದ ಕಾಗದದವು. ಅಕ್ಷರದ ದಪ್ಪಗೆರೆಗೂ ಸಣ್ಣಗೆರೆಗೂ ಅಷ್ಟು ವ್ಯತ್ಯಾಸ ಇಡುವ ಧೈರ್ಯ ಬಂದದ್ದು ಇದರಿಂದಲೇ ಅಲ್ವಾ?

ಹಾಗಾಗಿ ನಾನು ಒಂದೇ ಪ್ಯಾರಾವನ್ನು 10, 10.5, 11 ಪಾಯಿಂಟ್‌ನಲ್ಲಿ ಜೋಡಿಸಿ, ಪುಸ್ತಕಕ್ಕೆ ಹಾಕುವ ಕಾಗದದ ಮೇಲೇ, ಸಾಧ್ಯವಾದರೆ ಅದೇ ಪ್ರೆಸ್ಸಿನಲ್ಲೇ, ಪ್ರೂಫ್ ತೆಗೆಸುತ್ತೇನೆ. ಲೇಸರ್ ಪ್ರಿಂಟರ್‌ನಲ್ಲಿ ಅಕ್ಷರ ತುಸು ದಪ್ಪ ಕಾಣುತ್ತದೆ, ಅದನ್ನು ನಂಬುವ ಹಾಗಿಲ್ಲ. ಪ್ರೂಫ್ ಬಂದಾಗ ನೋಡುವುದು ಇಂಗ್ಲಿಷಿನ ಸಣ್ಣ ‘ಇ’ (e) ಅಕ್ಷರದ ಅಡ್ಡಗೆರೆಯನ್ನು. ಶಾಯಿ ಹೀರುವ ಒರಟು ಕಾಗದದಲ್ಲಿ ಆ ಗೆರೆ ಚೂರು ಹರಡಿ ಗಟ್ಟಿಯಾಗುತ್ತದೆ, ಓದಲು ಹಿತ. ಹೊಳೆಯುವ ಆರ್ಟ್ ಪೇಪರ್‌ನಲ್ಲಿ ಕೂದಲೆಳೆಯಾಗಿ ಉಳಿದು, ಬೆಳಕು ಬಿದ್ದರೆ ಕಾಣುವುದೇ ಕಷ್ಟ. ಆಗ ಅರ್ಧ ಪಾಯಿಂಟ್ ಏರಿಸುತ್ತೇನೆ, ಇಲ್ಲವೇ ಬೇರೆ ಕಂಪನಿ ಮಾಡಿದ, ಗೆರೆ ಗಟ್ಟಿಯಿರುವ ಬ್ಯಾಸ್ಕರ್‌ವಿಲ್ ಹುಡುಕುತ್ತೇನೆ. ಹೆಸರು ಒಂದೇ ಆದರೂ ಎಲ್ಲವೂ ಒಂದೇ ಥರ ಇರುವುದಿಲ್ಲ.

10.5 ಪಾಯಿಂಟ್‌ಗೆ 14ರ ಲೀಡಿಂಗ್, ಅಂದರೆ ಒಂದು ಸಾಲಿನಿಂದ ಮುಂದಿನ ಸಾಲಿಗಿರುವ ಅಂತರ, ನನಗೆ ಸಾಮಾನ್ಯವಾಗಿ ಹೊಂದುತ್ತದೆ. ಅಕ್ಷರಗಳು ಅಗಲ, ಗಾಳಿ ಬೇಕು. ಪತ್ರಿಕೆಯ ಕಾಲಂಗೆಂದೇ ಮಾಡಿದ ಟೈಮ್ಸ್ ನ್ಯೂ ರೋಮನ್‌ಗೆ ಹೋಲಿಸಿದರೆ ಪುಟ ಸ್ವಲ್ಪ ಜಾಸ್ತಿಯಾಗುತ್ತದೆ, ಅದನ್ನು ಪ್ರಕಾಶಕರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಪ್ರಬಂಧ, ಕವಿತೆ, ಜೀವನಚರಿತ್ರೆಗೆ ಇದು ಚೆನ್ನ. ಕೋಷ್ಟಕ, ಸಣ್ಣ ಅಡಿಟಿಪ್ಪಣಿ, ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ: ಇವಕ್ಕೆ ಬೇಡ. ಅಧ್ಯಾಯದ ಶೀರ್ಷಿಕೆಗೆ ಇದನ್ನೇ ದೊಡ್ಡದು ಮಾಡಿ ಹಾಕಿ ನೋಡಿ. ಕೆಳಗಿನ ಸುತ್ತು ಪೂರ್ತಿ ಮುಚ್ಚದ ಸಣ್ಣ ‘ಜಿ’, ಬೀಸಿ ಬಾಲ ಎಳೆದ ದೊಡ್ಡ ‘ಕ್ಯೂ’ ಆಗ ಕಣ್ಣಿಗೆ ಬೀಳುತ್ತವೆ. ಕೈಬರಹದ ಮೇಷ್ಟ್ರು ಅಲ್ಲಿ ಎದ್ದು ಕಾಣುತ್ತಾನೆ.

ಸ್ಕ್ರೀನಿಗೆ ಮಾತ್ರ ಲಿಬ್ರೆ ಬ್ಯಾಸ್ಕರ್‌ವಿಲ್. ಅಮೆರಿಕದ 1941ರ ಆವೃತ್ತಿ ಆಧರಿಸಿದ್ದು, 16 ಪಿಕ್ಸೆಲ್ ಸುತ್ತಮುತ್ತ ಓದಲೆಂದು ಸಣ್ಣಕ್ಷರಗಳನ್ನು ಎತ್ತರಿಸಿ, ಗೆರೆಗಳ ವ್ಯತ್ಯಾಸ ಇಳಿಸಿದ್ದಾರೆ. ಪುಕ್ಕಟೆ ಸಿಗುತ್ತದೆ ಅಂತ ಅದನ್ನೇ ಪುಸ್ತಕಕ್ಕೂ ಹಾಕುವವರಿದ್ದಾರೆ. ಪುಟ ತುಂಬಿ ತುಳುಕಿದ ಹಾಗೆ ಕಾಣುತ್ತದೆ. ಹಾಕಲೇಬೇಕಾದರೆ 9 ಪಾಯಿಂಟ್‌ಗೆ ಇಳಿಸಿ.